ತುದಿಯಿಲ್ಲದ ಹಗ್ಗ

ಹೋದ ತಿಂಗಳು ತಿಪಟೂರಿನಲ್ಲಿ ಹೊನ್ನವಳ್ಳಿ ಕಡೆಯ ಬಸ್ಸು ಹತ್ತಿ, ನಲವತ್ತು ವರ್ಷದ ಹಿಂದೆ ಒಂದು ವರ್ಷ ಬಾಡಿಗೆಗಿದ್ದ ಊರಿನಲ್ಲಿ ಇಳಿದೆ. ಬಸ್ಸು ನಿಲ್ಲುವ ಜಾಗದ ಗುರುತೇ ಸಿಗಲಿಲ್ಲ. ಹುಣಸೆಮರವಿದ್ದ ಕಡೆ ಮೊಬೈಲ್ ಅಂಗಡಿ ಬಂದಿತ್ತು. ಯಾರನ್ನಾದರೂ ದಾರಿ ಕೇಳೋಣ ಎಂದುಕೊಳ್ಳುವಷ್ಟರಲ್ಲಿ ಗಾಳಿ ಬೀಸಿತು, ನನ್ನ ಮೂಗು ಬೀದಿ ಹುಡುಕಿಕೊಟ್ಟಿತು. ನೀರಿನಲ್ಲಿ ತಿಂಗಳುಗಟ್ಟಲೆ ನೆಂದ ತೆಂಗಿನ ಮಟ್ಟೆಯ ನಾತ. ಪರಿಮಳ ಎಂದು ಬರೆಯಲು ನನಗೂ ಆಸೆಯಿದೆ, ಆದರೆ ಅದು ನಾತವೇ. ಮೊದಲ ದಿನ ಈ ಬೀದಿಗೆ ಟ್ರಂಕು ಹಿಡಿದು ಬಂದಾಗ ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದೆ. ಈಗ ನಿಂತು ಎದೆ ತುಂಬ ಎಳೆದುಕೊಂಡೆ. ಕಣ್ಣಲ್ಲಿ ನೀರು ಬಂತು.

ಎಂಬತ್ತರ ದಶಕದ ಮಧ್ಯದ ಮಾತು. ನನಗಾಗ ಇಪ್ಪತ್ನಾಲ್ಕು. ಮೈಸೂರಿನಲ್ಲಿ ಎಂ.ಎಸ್ಸಿ. ಮುಗಿಸಿ, ಜೂನಿಯರ್ ಕಾಲೇಜೊಂದಕ್ಕೆ ಜೀವಶಾಸ್ತ್ರದ ಪಾಠ ಹೇಳಲು ಬಂದಿದ್ದೆ. ಜಂಬಕ್ಕೇನೂ ಕಡಿಮೆಯಿರಲಿಲ್ಲ. ಊರಿಗೆ ಬೆಳಕು ತರಲು ನನ್ನನ್ನೇ ಆರಿಸಿ ಕಳಿಸಿದ್ದಾರೆ ಎನ್ನುವ ಹಾಗೆ ನಡೆದಾಡುತ್ತಿದ್ದೆ. ಉಳಿದುಕೊಳ್ಳಲು ಸಿಕ್ಕಿದ್ದು ರಂಗಮ್ಮನವರ ಮನೆಯ ಮುಂದಿನ ಕೋಣೆ. ರಂಗಮ್ಮನವರಿಗೆ ಗಂಡ ತೀರಿಕೊಂಡು ಆರೇಳು ವರ್ಷವಾಗಿತ್ತು. ತೆಂಗಿನ ತೋಟ, ಎರಡು ಹಸು, ಒಂದಿಷ್ಟು ರಾಗಿಹೊಲ ಎಲ್ಲವನ್ನೂ ತಾವೇ ನೋಡಿಕೊಳ್ಳುತ್ತಿದ್ದರು. ಒಬ್ಬಳೇ ಮಗಳು ಶೈಲಜ, ನಾನು ಪಾಠ ಹೇಳುವ ಕಾಲೇಜಿನಲ್ಲೇ ಎರಡನೇ ಪಿಯುಸಿ. ಮನೆಯ ಹಿರಿಯರೆಂದರೆ ರಂಗಮ್ಮನವರ ಮಾವ ತಿಮ್ಮಜ್ಜ. ಮುಂಡಾಸು, ಮೊಣಕಾಲವರೆಗಿನ ಪಂಚೆ, ಜಗಲಿಯ ಮೇಲೆ ನಾರಿನ ಗುಡ್ಡೆ. ಇಡೀ ದಿನ ಕೂತು ಹಗ್ಗ ಹೊಸೆಯುವುದೇ ಅವರ ಕೆಲಸ. ಮಟ್ಟೆ ನೆನೆಹಾಕುವ ಗುಂಡಿ ನನ್ನ ಕಿಟಕಿಯ ಹಿಂದೆಯೇ ಇತ್ತು.

"ಈ ನಾತಕ್ಕೆ ಏನೂ ಮಾಡಕ್ಕಾಗಲ್ವಾ ಅಜ್ಜ?" ಎಂದು ಮೊದಲ ವಾರವೇ ಕೇಳಿದೆ.

"ನಾತ ಬಂದ್ರೇನೇ ನಾರು ಬಿಟ್ಕೊಳ್ಳೋದು ಕಣವ್ವ. ನಾತ ಬರ್ನಿಲ್ಲ ಅಂದ್ರೆ ಮಟ್ಟೆ ಇನ್ನೂ ಕಾಯಿ ಅಂತ ಅರ್ಥ" ಅಂದರು.

ಮಟ್ಟೆಯ ಅಂಟನ್ನು ತಿಂದು ನಾರನ್ನು ಬಿಡಿಸಿಕೊಡುವುದು ಬ್ಯಾಕ್ಟೀರಿಯಾ ಎಂದು ನಾನು ಪುಸ್ತಕದಲ್ಲಿ ಓದಿದ್ದೆ. ಆದರೂ ನಾತ ಬಂದಾಗ ಪುಸ್ತಕ ನೆನಪಾಗಲಿಲ್ಲ, ಬರೀ ಸಿಟ್ಟು ಬಂತು.

ರಂಗಮ್ಮನವರ ಮನೆಯಿಂದ ಬೀದಿಗೆ ಎರಡು ವಸ್ತು ಧಾರಾಳವಾಗಿ ಹೋಗುತ್ತಿದ್ದವು. ಒಂದು ಹೆಪ್ಪು. ಅವರ ಮೊಸರು ಆ ಬೀದಿಗೇ ಹೆಸರುವಾಸಿ. ಹಾಲು ಕಾಯಿಸಿದವರೆಲ್ಲ ಬಟ್ಟಲು ಹಿಡಿದು ಬರುವರು. ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಬಾರದು ಎನ್ನುವ ಶಾಸ್ತ್ರವನ್ನೂ ರಂಗಮ್ಮ ಲೆಕ್ಕಕ್ಕಿಡುತ್ತಿರಲಿಲ್ಲ. "ಒಂದು ಚಮಚ ಕೊಟ್ರೆ ನಂದೇನು ಕರಗೋಯ್ತದಾ?" ಎನ್ನುವರು. ಇನ್ನೊಂದು ಮಾತ್ರೆ. ಅಡುಗೆಮನೆಯ ಗೂಡಿನಲ್ಲಿ ಹಳೆಯ ಬಿಸ್ಕತ್ತಿನ ಡಬ್ಬವೊಂದಿತ್ತು. ತಿಪಟೂರಿನ ಡಾಕ್ಟರರ ಹತ್ತಿರ ಹೋದ ಯಾರೇ ಆಗಲಿ, ಜ್ವರವೋ ಭೇದಿಯೋ ನಿಂತ ಕೂಡಲೇ ಉಳಿದ ಮಾತ್ರೆಯನ್ನು ತಂದು ಆ ಡಬ್ಬಕ್ಕೆ ಹಾಕುವರು. ಬೇಕಾದವರು ಬಂದು ಒಯ್ಯುವರು. ಔಷಧವನ್ನು ವ್ಯರ್ಥ ಮಾಡಬಾರದು, ಇನ್ನೊಬ್ಬರ ಮಗುವಿಗಾದರೂ ಆಗಲಿ ಎನ್ನುವ ಒಳ್ಳೆಯ ಮನಸ್ಸು. ಅದರಲ್ಲಿ ಕೆಟ್ಟದ್ದೇನೂ ಯಾರಿಗೂ ಕಾಣುತ್ತಿರಲಿಲ್ಲ.

ನನಗೂ ಕಾಣಲಿಲ್ಲ. ಅದನ್ನು ಈಗಲೇ ಹೇಳಿಬಿಡುತ್ತೇನೆ. ಆಷಾಢದ ಗಾಳಿಮಳೆಯಲ್ಲಿ ನನಗೆ ಭೇದಿ ಹತ್ತಿಕೊಂಡಿತು. ರಂಗಮ್ಮ ಡಬ್ಬ ತೆರೆದು ಬಣ್ಣದ ಕ್ಯಾಪ್ಸೂಲು ಎರಡು ಕೊಟ್ಟರು, ಮಾರನೆಯ ದಿನ ಇನ್ನೆರಡು. ಹೊಟ್ಟೆ ಸರಿಹೋಯಿತು. ಆಮೇಲೆ ತಿಪಟೂರಿಗೆ ಹೋದಾಗ ಔಷಧದಂಗಡಿಯಲ್ಲಿ ಅದೇ ಕ್ಯಾಪ್ಸೂಲಿನ ಒಂದು ಪಟ್ಟಿ ಕೊಂಡು ತಂದು, ಋಣ ತೀರಿಸಿದ ಹೆಮ್ಮೆಯಿಂದ ಅದೇ ಡಬ್ಬಕ್ಕೆ ಹಾಕಿದೆ. "ಟೀಚರಮ್ಮ ಎಷ್ಟು ಒಳ್ಳೇರು!" ಎಂದು ಬೀದಿಯೆಲ್ಲ ಹೊಗಳಿತು.

ಮಳೆ ಹೊಳವಾಗುವ ಹೊತ್ತಿಗೆ ಬ್ಯಾಕ್ಟೀರಿಯಾದ ಡಿಎನ್‌ಎ ಪಾಠ ಬಂತು. ಕರಿಹಲಗೆಯ ಮೇಲೆ ಅಚ್ಚುಕಟ್ಟಾಗಿ ಚಿತ್ರ ಬರೆದೆ. ಬ್ಯಾಕ್ಟೀರಿಯಾದ ಒಳಗೆ ನಮ್ಮ ಜೀವಕೋಶದಲ್ಲಿರುವಂತೆ ಬೇರೆ ಕೋಣೆಯಿಲ್ಲ, ಡಿಎನ್‌ಎ ನಡುಮನೆಯಲ್ಲೇ ಮುದುಡಿಕೊಂಡಿರುತ್ತದೆ; ಅದು ಎರಡು ಎಳೆಯ ಒಂದೇ ಉಂಗುರ; ಬಿಡಿಸಿ ಹಿಡಿದರೆ ಬ್ಯಾಕ್ಟೀರಿಯಾದ ಉದ್ದದ ಸುಮಾರು ಸಾವಿರ ಪಟ್ಟು ಎಂದೆಲ್ಲ ಹೇಳಿದೆ. ನಲವತ್ತು ಮುಖಗಳೂ ಗೋಡೆಯ ಹಾಗೆ ಕೂತಿದ್ದವು. ಸಿಟ್ಟು ತಡೆಯಲಾರದೆ ಸೀಮೆಸುಣ್ಣ ಎಸೆದು ಬಂದೆ. ಸಂಜೆ ಜಗಲಿಯ ಮೇಲೆ ಮುಖ ಊದಿಸಿಕೊಂಡು ಕೂತಿದ್ದಾಗ ತಿಮ್ಮಜ್ಜ ಹೊಸೆಯುತ್ತಲೇ ಕೇಳಿದರು.

"ಯಾಕವ್ವ, ಐಕಳು ಮಾತು ಕೇಳಾಕಿಲ್ವಾ?"

"ಕೇಳ್ತಾರೆ ಅಜ್ಜ, ಅರ್ಥ ಆಗಲ್ಲ."

"ಏನದು ಅಂತಾದ್ದು?"

ಹೇಳಲೋ ಬೇಡವೋ ಎಂದುಕೊಂಡೇ ಹೇಳಿದೆ. ಕಣ್ಣಿಗೆ ಕಾಣದ ಒಂದು ಜೀವ. ಅದನ್ನು ತೆಂಗಿನಕಾಯಿಯಷ್ಟು ದೊಡ್ಡದು ಮಾಡಿದೆವು ಅಂತಿಟ್ಟುಕೊಂಡರೆ, ಒಳಗೆ ಇನ್ನೂರು ಮೀಟರ್ ಹಗ್ಗ ಸುತ್ತಿಟ್ಟಿರುತ್ತದೆ. ಎರಡೆಳೆಯ ಹಗ್ಗ, ಎರಡು ತುದಿಯನ್ನೂ ಸೇರಿಸಿಬಿಟ್ಟಿರುತ್ತದೆ. ಆ ಜೀವ ಏನು ತಿನ್ನಬೇಕು, ಹೇಗೆ ಬೆಳೆಯಬೇಕು, ಎಲ್ಲವೂ ಆ ಎಳೆಗಳಲ್ಲೇ ಬರೆದಿರುತ್ತದೆ. ಒಂದು ಎರಡಾಗಬೇಕಾದಾಗ ಎಳೆಗಳು ಬೇರೆಯಾಗಬೇಕು, ಒಂದೊಂದು ಎಳೆಗೂ ಹೊಸ ಜೊತೆ ಹೊಸೆದುಕೊಳ್ಳಬೇಕು. ನಮ್ಮ ಮೈಯೊಳಗೂ ಎರಡೆಳೆಯ ಹಗ್ಗವಿದೆ.

ಅಜ್ಜನ ಕೈ ನಿಂತಿತು. "ಇನ್ನೂರು ಮೀಟರ್ ಅಂದ್ರೆ ನೂರು ಮಾರಿಗೂ ಮೇಲಾಯ್ತು. ಒಂದು ಕಾಯೊಳಗೆ? ತುದಿ ಬೇರೆ ಸೇರಿಸ್ಬುಟ್ಟವ್ರಾ?"

"ಹೂಂ."

"ಹಂಗಾದ್ರೆ ಎಳೆ ಬಿಡ್ಸಾಕೆ ಆಗಾಕಿಲ್ಲ ಬುಡು" ಅಂದರು, ಖಂಡಿತವಾಗಿ.

"ಯಾಕಜ್ಜ?"

ಅವರು ಒಂದು ಮಾರು ಎರಡೆಳೆ ಹಗ್ಗ ತೆಗೆದು, ಎರಡು ತುದಿಯನ್ನೂ ಬಿಚ್ಚಿ, ಎಳೆಯೊಳಗೆ ಎಳೆ ಸೇರಿಸಿ, ಗಂಟೇ ಕಾಣದ ಹಾಗೆ ಬಳೆ ಮಾಡಿದರು. ಆಮೇಲೆ ಒಂದು ಕಡೆ ಹೆಬ್ಬೆರಳು ತೂರಿಸಿ ಎರಡೆಳೆಯನ್ನು ಅಗಲಿಸಿದರು. ಅಲ್ಲಿ ಅಗಲವಾಗುತ್ತಿದ್ದಂತೆ ಎದುರು ಮಗ್ಗುಲಲ್ಲಿ ಹುರಿ ಬಿಗಿಯಾಗುತ್ತ ಬಂತು. ಇನ್ನೂ ಅಗಲಿಸಿದಾಗ ಇಡೀ ಬಳೆ ತಿರುಚಿಕೊಂಡು, ತನ್ನ ಮೇಲೆ ತಾನೇ ಸುತ್ತಿಕೊಂಡು ಮುದ್ದೆಯಾಯಿತು.

"ನೋಡು. ತುದಿ ಇರೋ ಹಗ್ಗ ಆದ್ರೆ ತುದಿ ತಿರುಗಿ ಹುರಿ ಬಿಟ್ಕೊಳ್ತದೆ. ಇದಕ್ಕೆ ತುದೀನೇ ಇಲ್ವಲ್ಲ, ಹುರಿ ಎಲ್ಲಿಗೆ ಹೋಯ್ತದೆ? ಕುಂತಲ್ಲೇ ಮುದುರ್ಕತದೆ."

ನಾನು ಬಾಯಿ ತೆರೆದುಕೊಂಡು ಕೂತಿದ್ದೆ. ಎಂ.ಎಸ್ಸಿ.ಯಲ್ಲಿ ಇದನ್ನು ಬಾಯಿಪಾಠ ಮಾಡಿ ಬರೆದು ಬಂದಿದ್ದೆ, ಒಳ್ಳೆಯ ಅಂಕವೂ ಬಂದಿತ್ತು. ಯಾಕೆ ಎನ್ನುವುದು ಗೊತ್ತಾದದ್ದು ಆ ಜಗಲಿಯ ಮೇಲೆ.

"ಇದನ್ನ ಬಿಡಿಸಲೇಬೇಕು ಅಂದ್ರೆ ಏನ್ಮಾಡ್ತೀರಜ್ಜ?"

"ಒಂದೆಳೆ ಕುಯ್ಯಬೇಕು, ಹುರಿ ಬಿಟ್ಕೊಳ್ಳೋವರ್ಗೂ ತಿರುಗಾಕೆ ಬುಡಬೇಕು, ಆಮೇಲೆ ಕುಯ್ದಿದ್ನ ಸೇರಿಸ್ಬೇಕು. ಅದ್ಬುಟ್ರೆ ಬೇರೆ ದಾರಿ ಇಲ್ಲ."

ಬ್ಯಾಕ್ಟೀರಿಯಾದೊಳಗೂ ಆಗುವುದು ಅದೇ. ಅದಕ್ಕೆಂದೇ ಕೆಲಸಗಾರ ಕಿಣ್ವಗಳಿವೆ. ಒಂದು ಬಗೆಯದು ಅಜ್ಜನ ಹಾಗೆ ಒಂದೆಳೆ ಕುಯ್ದು ಸೇರಿಸುತ್ತದೆ. ಗೈರೇಸ್ ಎನ್ನುವ ಇನ್ನೊಂದು ಎರಡೆಳೆಯನ್ನೂ ಕುಯ್ದು, ಹಗ್ಗದ ಇನ್ನೊಂದು ಮಗ್ಗುಲನ್ನು ಆ ಸಂದಿಯಲ್ಲಿ ದಾಟಿಸಿ, ಮತ್ತೆ ಸೇರಿಸಿಬಿಡುತ್ತದೆ. ಇದನ್ನು ಹೇಳಿದಾಗ ತಿಮ್ಮಜ್ಜ ತಲೆದೂಗಿದರು. "ಎರಡೂ ಕುಯ್ದು ಸೇರಿಸ್ತದಾ? ಭಾರೀ ಕೈಯಪ್ಪ ಅದು" ಎಂದು ಒಬ್ಬ ಕಸುಬಿನವರು ಇನ್ನೊಬ್ಬ ಕಸುಬಿನವರನ್ನು ಮೆಚ್ಚುವ ಹಾಗೆ ಮೆಚ್ಚಿದರು.

ಮಾರನೆಯ ದಿನ ಆ ಹಗ್ಗದ ಬಳೆ ತರಗತಿಗೆ ಹೋಯಿತು. ನಲವತ್ತು ಮುಖಗಳೂ ಬೆಂಚು ಬಿಟ್ಟು ಎದ್ದು ಬಂದವು. ಹಗ್ಗ ಹೊಸೆಯುವುದನ್ನು ಕಾಣದ ಮಗು ಆ ಸೀಮೆಯಲ್ಲಿ ಯಾವುದಿದೆ? ಹುರುಪಿನಲ್ಲಿ ನಾನು ಮುಂದಿನ ಪಾಠವನ್ನೂ ಎಳೆದುಕೊಂಡೆ. ದೊಡ್ಡ ಉಂಗುರವಲ್ಲದೆ ಕೆಲವು ಬ್ಯಾಕ್ಟೀರಿಯಾಗಳಲ್ಲಿ ಪುಟ್ಟ ಪುಟ್ಟ ಉಂಗುರಗಳೂ ಇರುತ್ತವೆ, ಅವಕ್ಕೆ ಪ್ಲಾಸ್ಮಿಡ್ ಎನ್ನುತ್ತಾರೆ. ಔಷಧಿಯಿಂದ ತಪ್ಪಿಸಿಕೊಳ್ಳುವ ವಿದ್ಯೆ ಎಷ್ಟೋ ಸಲ ಆ ಪುಟ್ಟ ಉಂಗುರದಲ್ಲಿರುತ್ತದೆ. ಒಂದು ಬ್ಯಾಕ್ಟೀರಿಯಾ ಪಕ್ಕದ್ದಕ್ಕೆ ಸಣ್ಣ ಕೊಳವೆ ಚಾಚಿ, ಆ ಉಂಗುರದ ನಕಲೊಂದನ್ನು ದಾಟಿಸುತ್ತದೆ. ಕೊಟ್ಟ ಮೇಲೂ ತನ್ನದು ತನ್ನಲ್ಲೇ ಇರುತ್ತದೆ.

ಶೈಲಜ ಕೈಯೆತ್ತಿದಳು. "ಹೆಪ್ಪು ಕೊಟ್ಟಂಗೆ, ಅಲ್ವಾ ಮಿಸ್?"

ತರಗತಿಯೆಲ್ಲ ನಕ್ಕಿತು. ನಾನೂ ನಕ್ಕು, "ಶಭಾಷ್, ಅದೇ" ಎಂದೆ. ಅದೇ ಉಂಗುರವನ್ನು ಮನುಷ್ಯ ತನಗೆ ಬೇಕಾದ ಹಾಗೂ ಬಳಸಿಕೊಳ್ಳಬಹುದು, ಅದಕ್ಕೆ ನಮ್ಮ ಡಿಎನ್‌ಎ ಚೂರೊಂದನ್ನು ಸೇರಿಸಿ ಸಕ್ಕರೆ ಕಾಯಿಲೆಯವರಿಗೆ ಬೇಕಾದ ಇನ್ಸುಲಿನ್ನನ್ನು ಬ್ಯಾಕ್ಟೀರಿಯಾದಿಂದಲೇ ಮಾಡಿಸುತ್ತಿದ್ದಾರೆ ಎಂದಾಗ ಹಿಂದಿನ ಬೆಂಚಿನವರೂ ಬರೆದುಕೊಂಡರು. ಗಂಟೆ ಹೊಡೆದರೂ ಯಾರೂ ಏಳಲಿಲ್ಲ. ಮೇಷ್ಟ್ರ ಬದುಕಿನಲ್ಲಿ ಅಂಥ ದಿನ ಬೆರಳೆಣಿಕೆಯಷ್ಟು. ಸಂಜೆ ಮನೆಗೆ ಬಂದು, ಅಡುಗೆಮನೆಯ ಗೂಡಿನಲ್ಲಿದ್ದ ಡಬ್ಬದ ಮುಂದೆಯೇ ಕೂತು ಊಟ ಮಾಡಿದೆ. ಪಾಠಕ್ಕೂ ಡಬ್ಬಕ್ಕೂ ನಂಟಿದೆ ಎಂದು ಹೊಳೆಯಲೇ ಇಲ್ಲ.

ಚಳಿಗಾಲ ಸರಿಯಿತು. ಅಟ್ಟದ ಮೇಲೆ ಹೋದ ವರ್ಷದಿಂದ ಒಣಗುತ್ತಿದ್ದ ಕಾಯಿಗಳನ್ನು ಇಳಿಸಿ, ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಲೊಟಲೊಟ ಅನ್ನುವವನ್ನೆಲ್ಲ ಸುಲಿದರು. ಶಿವರಾತ್ರಿ ಕಳೆದ ಮೇಲೆ ಬಿಸಿಲು ಜೋರಾಯಿತು. ಬೀದಿಯ ಸೇದುವ ಬಾವಿ ತಳ ಕಂಡು, ಬಿಂದಿಗೆಗೆ ಬಗ್ಗಡ ಬರತೊಡಗಿತು. ಬೀದಿಯಲ್ಲಿ ಅಲ್ಲೊಬ್ಬರಿಗೆ ಇಲ್ಲೊಬ್ಬರಿಗೆ ಭೇದಿ. ಡಬ್ಬಕ್ಕೆ ಬಿಡುವಿಲ್ಲದ ಕೆಲಸ. ಪರೀಕ್ಷೆಗೆ ಮೂರು ವಾರ ಉಳಿದಿದ್ದಾಗ ಶೈಲಜ ಹೊಟ್ಟೆ ಹಿಡಿದುಕೊಂಡು ಮಲಗಿದಳು. ಜ್ವರ, ನುಲಿತ, ಭೇದಿಯಲ್ಲಿ ರಕ್ತ.

ಡಾಕ್ಟರ ಹತ್ತಿರ ಹೋಗೋಣ ಎಂದರು ರಂಗಮ್ಮ. ಓದಿದವಳು ನಾನಿದ್ದೆನಲ್ಲ! "ನನಗೆ ಆಷಾಢದಲ್ಲಿ ಇದರಿಂದಲೇ ವಾಸಿ ಆಯ್ತು" ಎಂದು ಡಬ್ಬದಲ್ಲಿ ಕೈಯಾಡಿಸಿ, ಬಣ್ಣ ನೋಡಿ ಕ್ಯಾಪ್ಸೂಲು ಆರಿಸಿ ಕೊಟ್ಟೆ. ಒಂದು ದಿನ ಕೊಟ್ಟೆ, ಎರಡನೆಯ ದಿನವೂ ಕೊಟ್ಟೆ. ಮೂರನೆಯ ದಿನ ಬೆಳಿಗ್ಗೆ ಅವಳಿಗೆ ಎದ್ದು ಕೂರಲೂ ಶಕ್ತಿಯಿರಲಿಲ್ಲ. ಕಣ್ಣು ಗುಳಿಬಿದ್ದಿದ್ದವು, ತುಟಿ ಒಡೆದಿತ್ತು. ಕೊಬ್ಬರಿ ಮೂಟೆ ಸಾಗಿಸುವ ವ್ಯಾನಿನಲ್ಲಿ ಜಮಖಾನ ಹಾಸಿ ಮಲಗಿಸಿ, ತಿಪಟೂರಿಗೆ ಕರೆದುಕೊಂಡು ಹೋದೆವು. ದಾರಿಯುದ್ದಕ್ಕೂ ರಂಗಮ್ಮ ಮಗಳ ಪಾದ ಉಜ್ಜುತ್ತಿದ್ದರು. ನನ್ನ ಮುಖ ನೋಡಲಿಲ್ಲ. ನೋಡಿದ್ದರೆ ನಾನು ಅಲ್ಲೇ ಅತ್ತುಬಿಡುತ್ತಿದ್ದೆ.

ಡಾಕ್ಟರು ವಯಸ್ಸಾದವರು, ಮಾತು ಒರಟು. ಸಲೈನ್ ಹಾಕಿಸಿ, ಭೇದಿಯ ಮಾದರಿಯನ್ನು ಪರೀಕ್ಷೆಗೆ ಬೆಂಗಳೂರಿಗೆ ಕಳಿಸಲು ಹೇಳಿ, ನಮ್ಮ ಕಡೆ ತಿರುಗಿದರು.

"ಏನು ಮಾತ್ರೆ ಕೊಟ್ರಿ?"

ನಾನು ಹೆಸರು ಹೇಳಿದೆ.

"ಎಲ್ಲಿಂದ ಬಂತು?"

ಡಬ್ಬದ ಕಥೆಯೆಲ್ಲ ಹೇಳಬೇಕಾಯಿತು. ನನ್ನ ಆಷಾಢದ ಎರಡು ದಿನದ ಚಿಕಿತ್ಸೆ, ನಾನು ಕೊಂಡು ತಂದು ಹಾಕಿದ ಪಟ್ಟಿ, ಬೀದಿಯಲ್ಲಿ ಒಬ್ಬೊಬ್ಬರು ಎರಡೆರಡು ನುಂಗಿದ್ದು, ಎಲ್ಲ.

"ನೀವು ಏನು ಕೆಲಸ ಮಾಡೋದು?"

"ಜೀವಶಾಸ್ತ್ರದ ಉಪನ್ಯಾಸಕಿ."

ಡಾಕ್ಟರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. ಬೈದಿದ್ದರೆ ವಾಸಿಯಿತ್ತು. "ಹಾಗಾದ್ರೆ ನಿಮಗೆ ನಾನು ಹೇಳಬೇಕಾದ್ದಿಲ್ಲ" ಅಂದರು. "ಎರಡು ದಿನ ನುಂಗಿದರೆ ಮೆತ್ತಗಿರೋ ಬ್ಯಾಕ್ಟೀರಿಯಾ ಸಾಯ್ತವೆ, ಗಟ್ಟಿ ಇರೋವು ಉಳೀತವೆ. ಉಳಿದವು ತಮ್ಮ ಉಂಗುರನ ಪಕ್ಕದವಕ್ಕೆ ಹಂಚ್ತವೆ. ಒಂದೇ ಉಂಗುರದಲ್ಲಿ ಮೂರು ನಾಲ್ಕು ಔಷಧಿಗೆ ಉತ್ತರ ಇರೋದೂ ಉಂಟು. ಈ ಹುಡುಗಿಗೆ ಬಂದಿದ್ದು ನಿಮ್ಮ ಬೀದಿಯಿಂದಲೇ ಅಂತ ಯಾರೂ ಹೇಳೋಕಾಗಲ್ಲ. ಆದ್ರೆ ನೀವೆಲ್ಲ ಸೇರಿ ಮಾಡಿದ್ದು ಇದನ್ನೇ."

ಹೆಪ್ಪು ಕೊಟ್ಟಂಗೆ, ಅಲ್ವಾ ಮಿಸ್? ಪಕ್ಕದ ಮಂಚದ ಮೇಲೆ ಅದನ್ನು ಹೇಳಿದವಳೇ ಕಣ್ಣುಮುಚ್ಚಿ ಮಲಗಿದ್ದಳು. 

ಡಾಕ್ಟರು ಹೊಸ ಮಾತ್ರೆ ಬರೆದುಕೊಟ್ಟರು. ನಾಲಿಡಿಕ್ಸಿಕ್ ಆಸಿಡ್. ಮೂತ್ರದ ಸೋಂಕಿಗೆ ಕೊಡುತ್ತಿದ್ದದ್ದು, ಈಚೆಗೆ ಬೇರೆ ಯಾವುದಕ್ಕೂ ಬಗ್ಗದ ರಕ್ತಭೇದಿಗೂ ಕೊಡುತ್ತಿದ್ದೇವೆ ಎಂದರು. ದಿನಕ್ಕೆ ನಾಲ್ಕು ಹೊತ್ತು, ಐದು ದಿನ. "ಮೂರನೇ ದಿನಕ್ಕೆ ಎದ್ದು ಓಡಾಡ್ತಾಳೆ. ಆಗ ನಿಲ್ಲಿಸಬೇಡಿ. ಅರ್ಧಕ್ಕೆ ಬಿಟ್ಟು, ಉಳಿದ ಕ್ರಿಮಿ ಇದಕ್ಕೂ ಪಳಗಿಬಿಟ್ಟರೆ ಆಮೇಲೆ ಕೊಡೋಕೆ ನನ್ನ ಹತ್ರ ಏನೂ ಇಲ್ಲ." ಇದನ್ನು ಅವರು ನನಗಲ್ಲ, ರಂಗಮ್ಮನವರಿಗೆ ಹೇಳಿದರು. ರಂಗಮ್ಮ ಮಾತ್ರೆಯ ಪೊಟ್ಟಣವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು.

ಎರಡು ದಿನದ ಮೇಲೆ ಶೈಲಜಳನ್ನು ಮನೆಗೆ ಕರೆತಂದೆವು. ಇನ್ನೂ ನಿತ್ರಾಣ, ಆದರೆ ಜ್ವರ ಇಳಿದಿತ್ತು. ತಿಮ್ಮಜ್ಜ ಮೊಮ್ಮಗಳ ಹಾಸಿಗೆಯ ಪಕ್ಕದಲ್ಲೇ ನಾರಿನ ಗುಡ್ಡೆ ತಂದಿಟ್ಟುಕೊಂಡು ಕೂತರು. ಈ ಮಾತ್ರೆ ಏನು ಮಾಡುತ್ತದೆ ಎಂದು ನನ್ನನ್ನು ಕೇಳಿದರು.

"ಅವತ್ತು ಹೇಳಿದ್ನಲ್ಲ ಅಜ್ಜ, ಹಗ್ಗ ಕುಯ್ದು ಸೇರಿಸೋ ಕೆಲಸಗಾರ ಒಬ್ಬ ಇದಾನೆ ಅಂತ. ಈ ಮಾತ್ರೆ ಹೋಗಿ ಅವನನ್ನ ಹಿಡ್ಕೊಳ್ಳುತ್ತೆ."

"ಅಂದ್ರೆ ಕುಯ್ದು, ಸೇರಿಸಾಕೆ ಬುಡದಂಗೆ ಕೈ ಕಟ್ಟಾಕ್ತದೆ" ಅಂದರು ತಟ್ಟನೆ. "ಕುಯ್ದ ಹಗ್ಗ ಕುಯ್ದಂಗೇ. ಹುರಿ ಬಿಚ್ಚಿ ಇನ್ನೊಂದು ಹೊಸ್ಯಂಗಿಲ್ಲ. ಸತ್ತ ನನ್ಮಗ!"

ಎಷ್ಟೋ ದಿನದ ಮೇಲೆ ನನಗೆ ನಗು ಬಂತು. ಪುಸ್ತಕಗಳು ಇದನ್ನು ಹೇಳಲು ಅರ್ಧ ಪುಟ ತೆಗೆದುಕೊಳ್ಳುತ್ತವೆ. ಅಜ್ಜ ಮಾತ್ರ ನಗಲಿಲ್ಲ. ಹುಬ್ಬು ಗಂಟಿಕ್ಕಿ, "ನಮ್ಮ ಮೈಯಾಗೂ ಹಗ್ಗ ಐತೆ ಅಂದಿದ್ದಲ್ಲವ್ವ? ಮಗೀಗೆ ಅದರ ಕೈನೂ ಕಟ್ಟಾಕ್ಬುಟ್ರೆ?" ಎಂದು ಕೇಳಿದರು.

"ನಮ್ಮೊಳಗಿನ ಕೆಲಸಗಾರನ ಕೈ ಬೇರೆ ಅಳತೇದು ಅಜ್ಜ. ಈ ಮಾತ್ರೆಯ ಕಟ್ಟು ಅವನ ಕೈಗೆ ಬಿಗಿಯಾಗಲ್ಲ. ಅದಕ್ಕೇ ಕ್ರಿಮಿ ಸಾಯುತ್ತೆ, ನಾವು ಉಳ್ಕೋತೀವಿ."

ಅಜ್ಜ ಮೊಮ್ಮಗಳ ಹಣೆ ಮುಟ್ಟಿ ನೋಡಿ, ಮತ್ತೆ ಹೊಸೆಯತೊಡಗಿದರು.

ಡಾಕ್ಟರು ಹೇಳಿದ ಹಾಗೆಯೇ ಆಯಿತು. ಮೂರನೆಯ ದಿನ ರಕ್ತ ನಿಂತಿತು. ನಾಲ್ಕನೆಯ ದಿನ ಬೆಳಿಗ್ಗೆ ಶೈಲಜ ಗೋಡೆಗೆ ಒರಗಿ ಕೂತು, ಗಂಜಿಗೆ ಉಪ್ಪಿನಕಾಯಿ ಬೇಕೆಂದು ಹಟ ಮಾಡಿದಳು. ರಂಗಮ್ಮ ಒಲೆಯ ಮುಂದೆ ಕೂತು ಅಳುತ್ತ ನಗುತ್ತ ಬೈಯುತ್ತಿದ್ದರು. ಆಗ ಬಂದಳು ಎದುರು ಮನೆಯ ಕೆಂಪಮ್ಮ. ಸೊಂಟದ ಮೇಲೆ ಮೂರು ವರ್ಷದ ಮಗಳು, ತಲೆ ತಾಯಿಯ ಹೆಗಲಿಗೆ ಜೋತುಬಿದ್ದಿತ್ತು. ರಾತ್ರಿಯಿಂದ ಮಗುವಿಗೆ ಭೇದಿ.

"ರಂಗಕ್ಕ, ನಿನ್ ಮಗಳು ಎದ್ದು ಕುಂತ್ಲಲ್ಲ, ಆ ಮಾತ್ರೇಲಿ ಎರಡು ಕೊಡಕ್ಕ."

ರಂಗಮ್ಮನವರ ಕೈ ತಾನಾಗಿಯೇ ಸೆರಗಿನ ಗಂಟಿಗೆ ಹೋಯಿತು. ಹುಟ್ಟಿದಾಗಿನಿಂದ ಇಲ್ಲ ಎಂದು ಹೇಳಿ ಗೊತ್ತಿಲ್ಲದ ಕೈ. ಬೇಡ ಎಂದು ಕೂಗಬೇಕು ಎನಿಸಿತು ನನಗೆ, ಆದರೆ ಕೂಗಲು ನನಗೆ ಯಾವ ಮುಖವಿತ್ತು? ಗಂಟಿನಲ್ಲಿದ್ದದ್ದು ಎರಡು ದಿನದ ಮಾತ್ರೆ. ಶೈಲಜ ಗಂಜಿಯ ಬಟ್ಟಲು ಕೆಳಗಿಟ್ಟು ತಾಯಿಯನ್ನೇ ನೋಡುತ್ತಿದ್ದಳು. ಗಂಟು ಹಿಡಿದ ಕೈ ಅಲ್ಲೇ ನಿಂತಿತು.

"ಕೆಂಪಿ, ಹೆಪ್ಪು ಕೇಳು ಕೊಡ್ತೀನಿ. ಹಾಲು ಕೇಳು, ಹಸೂನೇ ಬೇಕಾದ್ರೆ ಹೊಡ್ಕೊಂಡು ಹೋಗು. ಇದನ್ನ ಕೇಳ್ಬೇಡ ಕಣವ್ವ."

ಕೆಂಪಮ್ಮನಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. "ನಿನ್ ಮಗಳು ಉಳ್ಕಂಡ್ಲು. ನನ್ ಮಗು ಏನಾದ್ರೂ ಆಗ್ಲಿ ಅಂತೀಯಾ? ನೀನಾ ರಂಗಕ್ಕ ಈ ಮಾತಾಡೋದು?"

ರಂಗಮ್ಮನವರ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಸೆರಗಿನ ಗಂಟು ಬಿಚ್ಚಿ ಪೊಟ್ಟಣವನ್ನು ನನ್ನ ಅಂಗೈಗೆ ಹಾಕಿದರು. "ಟೀಚರಮ್ಮ, ಹೊತ್ತೊತ್ತಿಗೆ ಇವಳಿಗೆ ನೀವು ಕೊಡಿ. ಒಂದೂ ಉಳಿಯಬಾರ್ದು." ಆಮೇಲೆ ಕೆಂಪಮ್ಮನ ಸೊಂಟದಿಂದ ಮಗುವನ್ನು ಕಿತ್ತುಕೊಂಡು ತಮ್ಮ ಸೊಂಟಕ್ಕೆ ಹಾಕಿಕೊಂಡರು. "ನಡಿ, ಹತ್ತು ಗಂಟೆ ಬಸ್ಸು ಬರ್ತದೆ. ಡಾಕ್ಟ್ರು ನೋಡ್ಲಿ. ನಿನ್ ಮಗೀಗೆ ಬೇಕಾಗಿದ್ದು ಇದೇನಾ ಅಂತ ನಂಗೇನು ಗೊತ್ತು, ನಿಂಗೇನು ಗೊತ್ತು?" ಬರಿಗಾಲಲ್ಲೇ ಹೊರಟರು. ಕೆಂಪಮ್ಮ ಬೈಯುತ್ತಲೇ ಹಿಂದೆ ಓಡಿದಳು.

ಅವತ್ತು ಮಧ್ಯಾಹ್ನದ ಮಾತ್ರೆಯನ್ನು ಎಣಿಸಿ ಶೈಲಜಳ ಕೈಗೆ ಕೊಟ್ಟೆ. ಪುಸ್ತಕ ಓದಿದವಳು ನಾನು, ಇಲ್ಲ ಎಂದವರು ರಂಗಮ್ಮ.

ಸಂಜೆಯ ಬಸ್ಸಿಗೆ ಅವರಿಬ್ಬರೂ ಮರಳಿದರು. ಮಗು ಕೆಂಪಮ್ಮನ ಹೆಗಲ ಮೇಲೆ ಕೂತು, ಕೈಯಲ್ಲಿ ಬನ್ನು ಹಿಡಿದಿತ್ತು. ಅದರದು ರಕ್ತಭೇದಿಯಲ್ಲವಂತೆ. ಮಾತ್ರೆಯೇ ಬೇಡ ಎಂದು ಡಾಕ್ಟರು ಸಕ್ಕರೆ ಉಪ್ಪು ಬೆರೆಸಿದ ಪುಡಿಯ ಪೊಟ್ಟಣಗಳನ್ನು ಕೊಟ್ಟು, ಕುದಿಸಿ ಆರಿಸಿದ ನೀರಿಗೆ ಹಾಕಿ ಗುಟುಕು ಗುಟುಕಾಗಿ ಕುಡಿಸಲು ಹೇಳಿದ್ದರು. ಕೆಂಪಮ್ಮ ಒಳಗೆ ಬರದೆ ಬಾಗಿಲಲ್ಲೇ ನಿಂತು, "ಹೆಪ್ಪು ಕೊಡಕ್ಕ" ಅಂದಳು. ದೀಪ ಹಚ್ಚಿಯಾಗಿದ್ದರೂ ರಂಗಮ್ಮ ಕೊಟ್ಟರು.

ಐದನೆಯ ದಿನದ ಕೊನೆಯ ಮಾತ್ರೆ ನುಂಗಿ ಶೈಲಜ ನಾಲಿಗೆ ಹೊರಚಾಚಿ ತೋರಿಸಿದಳು. ಖಾಲಿ ಪೊಟ್ಟಣವನ್ನು ತಿಮ್ಮಜ್ಜ ಕೊಡವಿ ನೋಡಿದರು. ಬಿಸ್ಕತ್ತಿನ ಡಬ್ಬದಲ್ಲಿದ್ದ ಬಣ್ಣಬಣ್ಣದ ಮಾತ್ರೆಗಳನ್ನೆಲ್ಲ ರಂಗಮ್ಮ ತೋಟದಾಚೆ ಆಳವಾದ ಗುಂಡಿ ತೆಗೆಸಿ ಮುಚ್ಚಿಸಿದರು. ಡಬ್ಬವನ್ನು ಬೂದಿ ಹಾಕಿ ಉಜ್ಜಿ ತೊಳೆದು, ಅದರಲ್ಲಿ ಸಕ್ಕರೆ ಉಪ್ಪಿನ ಪೊಟ್ಟಣಗಳನ್ನು ತುಂಬಿಟ್ಟರು. ಬೀದಿಗೆ ಕೊಡುವ ಕೈ ಸುಮ್ಮನಿರಬೇಕಲ್ಲ.

ಬೆಂಗಳೂರಿನಿಂದ ವರದಿ ಬಂದದ್ದು ಆಮೇಲೆ. ನಾವು ಕೊಟ್ಟ ಕ್ಯಾಪ್ಸೂಲಿಗೂ ಇನ್ನೂ ಮೂರು ಔಷಧಿಗೂ ಆ ಬ್ಯಾಕ್ಟೀರಿಯಾ ಬಗ್ಗುವುದಿಲ್ಲ ಎಂದಿತ್ತು. ಆ ಹೊತ್ತಿಗೆ ಶೈಲಜ ಪರೀಕ್ಷೆಗೆ ಕೂತಾಗಿತ್ತು, ತೋಳಿಗೆ ಸಡಿಲವಾದ ಬಳೆಗಳನ್ನು ಮೇಲೆ ಸರಿಸಿಕೊಳ್ಳುತ್ತ. ಬ್ಯಾಕ್ಟೀರಿಯಾದ ಡಿಎನ್‌ಎ ರಚನೆ ಕುರಿತು ಪ್ರಶ್ನೆ ಬಂದಿತ್ತು. ಅದಕ್ಕೇ ಮೂರು ಪುಟ ಬರೆದು, ಹಗ್ಗದ ಚಿತ್ರವನ್ನೂ ಹಾಕಿ, ಕೊನೆಯ ಎರಡು ಪ್ರಶ್ನೆಗೆ ಹೊತ್ತೇ ಸಾಲದೆ ಬಂದಳು. ನಾನು ಬೈದೆ. "ಅದು ನನ್ನ ಹೊಟ್ಟೇಲಿತ್ತಲ್ಲ ಮಿಸ್, ಸುಮ್ಮನೆ ಬಿಡಕ್ಕಾಗುತ್ತಾ?" ಎಂದಳು. ಪಾಸಾದಳು. ಆ ಜೂನ್‌ನಲ್ಲಿ ನನಗೆ ಮೈಸೂರಿನ ಕಡೆಗೆ ವರ್ಗವಾಯಿತು. ಅವಳು ಬಿ.ಎಸ್ಸಿ., ಬಿ.ಎಡ್. ಮಾಡಿ ತುರುವೇಕೆರೆ ಕಡೆ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿ, ಈಗ ಅವಧಿಗೆ ಮುಂಚೆಯೇ ನಿವೃತ್ತಿ ತೆಗೆದುಕೊಂಡು ಅದೇ ಮನೆಯಲ್ಲಿ ತೋಟ ನೋಡಿಕೊಂಡಿದ್ದಾಳೆ.

ನಾತದ ದಾರಿ ಹಿಡಿದು ಹೋದ ನನ್ನನ್ನು ಶೈಲಜ ಬಾಗಿಲಲ್ಲೇ ತಬ್ಬಿಕೊಂಡಳು. ತಲೆಯೆಲ್ಲ ಬೆಳ್ಳಗಾಗಿದೆ, ದನಿ ಮಾತ್ರ ಹಾಗೆಯೇ. ತಿಮ್ಮಜ್ಜ, ರಂಗಮ್ಮ ಇಬ್ಬರೂ ತುಂಬು ಬದುಕು ಬಾಳಿ ಹೋದರು. ಅಡುಗೆಮನೆಯ ಗೂಡಿನ ಪಕ್ಕ, ಮೊಳೆಯೊಂದರಲ್ಲಿ ಹಗ್ಗದ ಬಳೆ ನೇತಾಡುತ್ತಿತ್ತು. ಹೊಗೆಗೆ ಕಪ್ಪಾಗಿದೆ, ಸೇರಿಸಿದ ಜಾಗ ಈಗಲೂ ಕಾಣುವುದಿಲ್ಲ. ಅವಳು ಅದನ್ನು ಮೂವತ್ತು ವರ್ಷ ಶಾಲೆಗೆ ಹೊತ್ತಿದ್ದಾಳೆ. "ಮಕ್ಕಳು ಎಳೆದೆಳೆದು ಎಷ್ಟು ಸಲ ಮುದ್ದೆ ಮಾಡಿದ್ರೂ ಹರಿದಿಲ್ಲ ನೋಡಿ ಮಿಸ್" ಎಂದಳು.

ಊಟಕ್ಕೆ ಮೊಸರು ಹಾಕಿಸಿಕೊಂಡಾಗ ನನ್ನ ಕೈ ಬಾಯಿಯ ಹತ್ತಿರವೇ ನಿಂತುಬಿಟ್ಟಿತು. ಅದೇ ರುಚಿ.

"ಅಮ್ಮನ ಹೆಪ್ಪೇ ಮಿಸ್. ಒಂದು ದಿನವೂ ತಪ್ಪಿಲ್ಲ. ಒಂದ್ಸಲ ನಮ್ಮನೇದು ಹಾಳಾಗಿತ್ತು, ಕೆಂಪತ್ತೆ ಮನೆಯಿಂದ ವಾಪಸ್ಸು ತಂದ್ಕೊಂಡೆ."

ಹೊರಡುವಾಗ ಕುಂಕುಮ ಇಟ್ಟು, 'ಮಡಿಲಿಗಿಡೋಕೆ ಕೊಬ್ಬರಿ ಗಿಟುಕು ಇವತ್ತಿಲ್ಲ' ಎಂದು ನೊಂದುಕೊಂಡು, ಪುಟ್ಟ ಸ್ಟೀಲ್ ಡಬ್ಬಿಯೊಂದನ್ನು ಕೈಗಿಟ್ಟಳು. ಒಂದು ಚಮಚ ಹೆಪ್ಪು. ಬಸ್ಸಿನುದ್ದಕ್ಕೂ ಅದನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ಅದರೊಳಗೆ ಎಣಿಕೆಗೆ ಸಿಗದಷ್ಟು ಉಂಗುರಗಳು. ರಂಗಮ್ಮನವರ ಕೈಯಿಂದ ಹೊರಟವು, ನಲವತ್ತು ವರ್ಷ ಬಿಚ್ಚಿಕೊಳ್ಳುತ್ತ, ಹೊಸ ಜೊತೆ ಹೊಸೆದುಕೊಳ್ಳುತ್ತ, ಇನ್ನೂ ತುದಿ ಮುಟ್ಟದವು. ಕೊಡಬೇಕಾದ್ದು ಯಾವುದು, ಕೊಡಬಾರದ್ದು ಯಾವುದು ಎಂದು ಆ ತಾಯಿ ಸೆರಗಿನ ಗಂಟು ಹಿಡಿದು ನಿಂತು ಕಲಿತ ಬೆಳಿಗ್ಗೆ ನನ್ನ ಕಣ್ಣ ಮುಂದೆಯೇ ಇತ್ತು.

ಮನೆ ಮುಟ್ಟಿದವಳೇ ಹಾಲು ಕಾಯಿಸಿ ಹೆಪ್ಪು ಹಾಕಿದೆ. ಬೆಳಿಗ್ಗೆ ಮುಚ್ಚಳ ತೆಗೆದರೆ, ಪಾತ್ರೆ ಓರೆ ಮಾಡಿದರೂ ಅಲುಗದಷ್ಟು ಗಟ್ಟಿ ಮೊಸರು. ಮೇಲಿನ ಕೆನೆಯ ಕೆಳಗಿಂದ ಒಂದು ಚಮಚ ತೆಗೆದು ಬಟ್ಟಲಿಗೆ ಹಾಕಿಕೊಂಡು, ಹೋಗಿ ಪಕ್ಕದ ಮನೆಯ ಬಾಗಿಲು ತಟ್ಟಿದೆ.